ಬೆಂಚ್ ವೈಸ್ ಸರಿಯಾಗಿ ಹಿಡಿಯುತ್ತಿಲ್ಲವೇ? ಹೊಸದು ಕೊಳ್ಳುವ ಮುನ್ನ ನೋಡಬೇಕಾದ್ದು

ಸಾಮಾನನ್ನು ಬಿಗಿದು ಹಿಡಿಯಲು ಮೇಜಿಗೆ ಕೂರಿಸುವ ವೈಸ್ ಹಳೆಯದಾದ ಮೇಲೆ ಅಲ್ಲಾಡುತ್ತದೆ, ಜಾರುತ್ತದೆ, ಕಿರುಗುಡುತ್ತದೆ. ಆಗ ಕೆಲವರು ಹ್ಯಾಂಡಲ್‌ಗೆ ಪೈಪ್ ತೂರಿಸಿ ಇನ್ನಷ್ಟು ಬಿಗಿಯುತ್ತಾರೆ. ಇನ್ನು ಕೆಲವರು ತೂಕಕ್ಕೆ ಹಾಕಿ ಹೊಸದು ತರುತ್ತಾರೆ. ಎರಡೂ ಆತುರದ ಕೆಲಸ. ಬೀಡು ಕಬ್ಬಿಣದ ಮೈ ಗಟ್ಟಿಯಾಗಿದ್ದರೆ ಒಳಗಿನ ಬಹುತೇಕ ಭಾಗಗಳನ್ನು ಬದಲಿಸಬಹುದು. ಎಷ್ಟೋ ಸಲ ದೋಷ ಇರುವುದು ಒಂದು ಪಿನ್ನಿನಲ್ಲೋ ಸಡಿಲವಾದ ಬೋಲ್ಟಿನಲ್ಲೋ ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೈಸ್ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಬೇಕಾದ್ದು ಅದು ಏನನ್ನಾದರೂ ಬಿಗಿಯಾಗಿ ಹಿಡಿದಿರುವಾಗ. ಖಾಲಿ ಇದ್ದಾಗ ದವಡೆ ಗಡಗಡ ಅಂದರೆ ಜನ ಗಾಬರಿಯಾಗುತ್ತಾರೆ. ದವಡೆ ಜಾರಬೇಕಾದರೆ ಸ್ವಲ್ಪ ಸಡಿಲ ಬೇಕೇ ಬೇಕಲ್ವಾ? ಹೊಸ ವೈಸಿನಲ್ಲೂ ಅದು ಇರುತ್ತದೆ. ಬಿಗಿದ ಮೇಲೂ ಉಳಿಯುವ ಅಲ್ಲಾಟವೇ ನಿಜವಾದ ದೋಷ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ಎರಡನ್ನು ಬೇರೆ ಮಾಡುವುದಕ್ಕೇ.

ಇಲ್ಲಿ ಹೇಳುತ್ತಿರುವುದು ಮನೆಯ ಶೆಡ್ಡಿನಲ್ಲಿರುವ 4ರಿಂದ 6 ಇಂಚಿನ ಮಾಮೂಲಿ ಬೆಂಚ್ ವೈಸ್ ಬಗ್ಗೆ. ಈ ಇಂಚು ದವಡೆಯ ಅಗಲದ ಅಳತೆ, ಅದು ಎಷ್ಟು ತೆರೆಯುತ್ತದೆ ಎಂಬುದರದ್ದಲ್ಲ.

ಬಿಚ್ಚುವ ಮುನ್ನ

ವೈಸಿನಲ್ಲಿ ಭಾಗಗಳು ಕಡಿಮೆ. ಮೇಜಿಗೆ ಕೂರುವ ಮೈಗೆ ಸ್ಥಿರ ದವಡೆ ಸೇರಿಕೊಂಡಿರುತ್ತದೆ. ಅದರೊಳಗೆ ಹಿಂದೆ ಮುಂದೆ ಜಾರುವ ಸ್ಲೈಡಿನ ತುದಿಯಲ್ಲಿ ಚಲಿಸುವ ದವಡೆ ಇದೆ. ನಡುವೆ ದಪ್ಪ ಥ್ರೆಡ್ಡಿನ ಉಕ್ಕಿನ ಸ್ಪಿಂಡಲ್. ಅದು ಮೈಯೊಳಗೆ ಕೂತಿರುವ ನಟ್‌ಗೆ ಸುತ್ತಿಕೊಳ್ಳುತ್ತದೆ. ಬಿಗಿಯುವಾಗ ಸ್ಪಿಂಡಲಿನ ತಲೆ ದವಡೆಯನ್ನು ಹೊರಗಿನಿಂದ ಒತ್ತುತ್ತದೆ. ಬಿಚ್ಚುವಾಗ ದವಡೆಯನ್ನು ವಾಪಸ್ ಎಳೆದು ತರುವುದು ಒಳಗಿರುವ ವಾಷರ್, ಸ್ಪ್ರಿಂಗ್ ಮತ್ತು ಒಂದು ಪಿನ್. ದವಡೆಗಳ ಮುಖಕ್ಕೆ ಗೀರು ಹಾಕಿದ ಗಟ್ಟಿ ಉಕ್ಕಿನ ಪ್ಲೇಟುಗಳನ್ನು ಸ್ಕ್ರೂ ಮಾಡಿರುತ್ತಾರೆ.

ಹ್ಯಾಂಡಲ್ ತಿರುಗಿಸುತ್ತಲೇ ಹೋದರೆ ಸ್ಪಿಂಡಲ್ ನಟ್‌ನಿಂದ ಪೂರ್ತಿ ಹೊರಬರುತ್ತದೆ. ಆಮೇಲೆ ಚಲಿಸುವ ದವಡೆಯನ್ನು ಹಿಡಿದುಕೊಳ್ಳುವಂಥದ್ದು ಏನೂ ಇರುವುದಿಲ್ಲ. ಇನ್ನೊಂದಿಷ್ಟು ಎಳೆದರೆ ಅದು ನೇರ ಪಾದದ ಮೇಲೆ. ಕೆಳಗೆ ಸ್ಟೂಲೋ ಮರದ ದಿಮ್ಮಿಯೋ ಇಟ್ಟು, ಒಂದು ಕೈ ದವಡೆಯ ಅಡಿಗೆ ಕೊಟ್ಟು ಹೊರಗೆಳೆಯಿರಿ. 6 ಇಂಚಿನದಾದರೆ ಇನ್ನೊಬ್ಬರನ್ನು ಕರೆಯಿರಿ. ಚಪ್ಪಲಿಯಲ್ಲಿ ನಿಂತು ಮಾಡುವ ಕೆಲಸ ಇದಲ್ಲ, ಶೂ ಹಾಕಿ. ತಂತಿ ಬ್ರಷ್ ಉಜ್ಜುವಾಗ, ಸುತ್ತಿಗೆ ಬೀಸುವಾಗ ಕನ್ನಡಕ ಇರಲಿ. ತೊಳೆಯಲು ಸೀಮೆಎಣ್ಣೆ, ಅದು ಸಿಗದಿದ್ದರೆ ಡೀಸೆಲ್ ಸಾಕು. ಪೆಟ್ರೋಲ್ ಬೇಡವೇ ಬೇಡ. ಅದರ ಆವಿಗೆ ಎಲ್ಲೋ ದೂರದ ಕಿಡಿಯೂ ಸಾಕು.

ಅರ ಹಾಕುವಾಗ ಇಡೀ ವೈಸೇ ಅಲ್ಲಾಡುತ್ತದೆ

ಮೊದಲು ನೋಡಬೇಕಾದ್ದು ವೈಸನ್ನಲ್ಲ, ಮೇಜನ್ನು. ಒಂದು ಕಬ್ಬಿಣದ ಪಟ್ಟಿ ಬಿಗಿದು ಹಿಂದೆ ಮುಂದೆ ಜಗ್ಗಿ. ಇನ್ನೊಂದು ಕೈಯ ಬೆರಳನ್ನು ವೈಸಿನ ತಳ ಮತ್ತು ಮೇಜು ಸೇರುವ ಗೆರೆಯ ಮೇಲೆ ಇಡಿ. ಅಲುಗಾಟ ಎಲ್ಲಿದೆ ಎಂದು ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಮೇಜೇ ಓಲಾಡುತ್ತಿದ್ದರೆ ವೈಸಿನದೇನೂ ತಪ್ಪಿಲ್ಲ. ಮೇಜಿನ ಕಾಲಿಗೆ ಅಡ್ಡಪಟ್ಟಿ ಹೊಡೆಯಿರಿ, ಅಥವಾ ವೈಸನ್ನು ಕಾಲಿನ ನೇರಕ್ಕೆ ಸರಿಸಿ.

ತಳದಲ್ಲಿ ಅಲುಗಾಟ ಇದ್ದರೆ ಬೋಲ್ಟ್ ಬಿಗಿಯಿರಿ. ಮರದ ಸ್ಕ್ರೂ ಹಾಕಿದ್ದರೆ ಕಿತ್ತು, ಹಲಗೆಯ ಆಚೆ ಬದಿಗೆ ದಾಟುವ ಬೋಲ್ಟ್ ಹಾಕಿ. ಅಡಿಯಲ್ಲಿ ದೊಡ್ಡ ವಾಷರ್ ಅಥವಾ ಕಬ್ಬಿಣದ ಪಟ್ಟಿ ಕೊಡಿ. ಬರಿಯ ನಟ್ ಕೆಲವೇ ತಿಂಗಳಲ್ಲಿ ಮರದೊಳಗೆ ಹೂತುಕೊಂಡು ಮತ್ತೆ ಸಡಿಲವಾಗುತ್ತದೆ. 18 ಮಿ.ಮೀ. ಪ್ಲೈವುಡ್ ಒಂದೇ ಪದರ ಇದ್ದರೆ ವೈಸಿನ ಅಡಿಗಾದರೂ ಇನ್ನೊಂದು ಪದರ ಸೇರಿಸಿ.

ಬೋಲ್ಟ್ ಬಿಗಿಯುವ ಮುನ್ನ ಎಲ್ಲ ಬೋಲ್ಟುಗಳನ್ನೂ ಸಡಿಲಿಸಿ ನೋಡಿ. ತಳದ ಒಂದು ಮೂಲೆ ಮೇಲೆದ್ದರೆ ಮೇಜಿನ ಆ ಜಾಗ ತಗ್ಗಾಗಿದೆ ಎಂದರ್ಥ. ಹಾಗೇ ಬಿಗಿದರೆ ಬೀಡು ಕಬ್ಬಿಣದ ಕಿವಿ ಟಕ್ಕಂತ ಮುರಿಯುತ್ತದೆ. ಅದಕ್ಕೆ ಬಾಗಿ ಗೊತ್ತಿಲ್ಲ. ತಗ್ಗಿನಲ್ಲಿ ತಗಡಿನ ತುಂಡು ಕೊಟ್ಟು ಆಮೇಲೆ ಬಿಗಿಯಿರಿ.

ತಳ ಭದ್ರವಾಗಿದ್ದು ವೈಸಿನ ಮೇಲ್ಭಾಗ ಮಾತ್ರ ಎಡಕ್ಕೆ ಬಲಕ್ಕೆ ತಿರುಗುತ್ತಿದ್ದರೆ ಅದು ಸ್ವಿವೆಲ್ ಬೇಸಿನ, ಅಂದರೆ ತಿರುಗುವ ತಳದ ಕಥೆ. ಪಕ್ಕದ ಎರಡು ಲಾಕ್ ಬೋಲ್ಟ್ ಬಿಚ್ಚಿ, ಮೇಲ್ಭಾಗ ಎತ್ತಿ, ತೋಡಿನಲ್ಲಿ ಸೇರಿಕೊಂಡಿರುವ ಕಬ್ಬಿಣದ ಚೂರು, ಹಳೆ ಗ್ರೀಸ್ ತೆಗೆಯಿರಿ. ಈ ಎರಡು ಮುಖಗಳ ನಡುವೆ ಗ್ರೀಸ್ ಹಚ್ಚಬೇಡಿ. ಒಂದನ್ನೊಂದು ಕಚ್ಚಿ ನಿಲ್ಲುವುದೇ ಅವುಗಳ ಕೆಲಸ. ತಿರುಗಿಸುವ ಅಗತ್ಯವೇ ಬೀಳದವರು ಸ್ವಿವೆಲ್ ಬೇಸನ್ನೇ ತೆಗೆದು ವೈಸನ್ನು ನೇರ ಮೇಜಿಗೆ ಕೂರಿಸಬಹುದು, ಮೈಗೆ ಅಂಥ ತೂತುಗಳಿದ್ದರೆ. ನನ್ನ ಮಟ್ಟಿಗೆ ಮನೆಯ ಕೆಲಸಕ್ಕೆ ಸ್ವಿವೆಲ್ ಸುಮ್ನೆ ಶೋಕಿ.

ಬಿಚ್ಚಿದರೆ ಹ್ಯಾಂಡಲ್ ಬರುತ್ತದೆ, ದವಡೆ ಬರುವುದಿಲ್ಲ

ಇದು ನೋಡಲು ದೊಡ್ಡ ದೋಷ, ರಿಪೇರಿಗೆ ಅತಿ ಚಿಕ್ಕದು. ಬಿಗಿಯುವಾಗ ಸರಿಯಾಗಿ ಬಿಗಿಯುತ್ತದೆ. ಬಿಚ್ಚುವಾಗ ಸ್ಪಿಂಡಲಿನ ತಲೆ ಮಾತ್ರ ಹೊರಬಂದು, ದವಡೆ ಅಲ್ಲೇ ನಿಂತಿರುತ್ತದೆ. ಕೈಯಿಂದ ಎಳೆದುಕೊಳ್ಳಬೇಕು.

ಥ್ರೆಡ್ ಹೋಗಿದೆ ಎಂದುಕೊಳ್ಳಬೇಡಿ. ಥ್ರೆಡ್ ಹೋಗಿದ್ದರೆ ಬಿಗಿಯುವುದೂ ಕಷ್ಟವಾಗುತ್ತಿತ್ತು. ಚಲಿಸುವ ದವಡೆಯನ್ನು ಹೊರತೆಗೆದು, ಅದರ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಸ್ಪಿಂಡಲ್ ದವಡೆಯನ್ನು ದಾಟಿ ಒಳಬರುವ ಜಾಗದಲ್ಲಿ ವಾಷರ್, ಸ್ಪ್ರಿಂಗ್, ಪಿನ್ ಇರಬೇಕು. ಪಿನ್ ತುಂಡಾಗಿ ಬಿದ್ದುಹೋಗಿರುತ್ತದೆ, ಇಲ್ಲವೇ ವಾಷರ್ ಸವೆದು ಪಿನ್ನಿನ ಮೇಲೆ ಹಾದುಹೋಗಿರುತ್ತದೆ. ಕೆಲವು ವೈಸುಗಳಲ್ಲಿ ಪಿನ್ನಿನ ಬದಲು ಸಣ್ಣ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಇರುವ ಕಾಲರ್, ಅಂದರೆ ಉಕ್ಕಿನ ಬಳೆ ಇರುತ್ತದೆ. ಅಲ್ಲಿ ಗ್ರಬ್ ಸ್ಕ್ರೂ ಸಡಿಲವಾಗಿರುತ್ತದೆ.

ಸ್ಪಿಂಡಲಿನ ತೂತಿಗೆ ಸರಿಯಾಗಿ ಕೂರುವ ಸ್ಪ್ಲಿಟ್ ಪಿನ್ ತಂದು, ಕಾಲುಗಳನ್ನು ಇಕ್ಕಳದಿಂದ ಅಗಲಿಸಿ ಮಡಚಿ. ಖರ್ಚು ಒಂದು ಕಾಫಿಗಿಂತ ಕಡಿಮೆ. ಹಳೆ ವೈಸುಗಳನ್ನು ಬಿಚ್ಚಿದರೆ ಈ ಜಾಗದಲ್ಲಿ ಬಗ್ಗಿಸಿದ ಮೊಳೆ ಸಿಗುವುದು ಮಾಮೂಲು. ಮೊಳೆಯಿಂದಲೂ ನಡೆಯುತ್ತದೆ, ಆದರೆ ಅದು ಬೇಗ ಸವೆಯುತ್ತದೆ. ಹೊರಚಾಚಿದ ತುದಿ ಮೈಯ ಒಳಗೋಡೆಯನ್ನು ಗೀರುತ್ತದೆ.

ಹ್ಯಾಂಡಲ್ ತಿರುಗಿಸಲು ಬಲ ಜಾಸ್ತಿ ಬೇಕು

ಎಲ್ಲಿ ಬಿಗಿ ಎಂಬುದೇ ಇಲ್ಲಿ ಉತ್ತರ ಹೇಳುತ್ತದೆ. ಖಾಲಿ ವೈಸನ್ನು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯುವವರೆಗೆ ಎರಡು ಬೆರಳಿನಿಂದ ತಿರುಗಿಸುತ್ತಾ ಗಮನಿಸಿ.

ಉದ್ದಕ್ಕೂ ಒಂದೇ ಸಮ ಬಿಗಿಯಾಗಿದ್ದರೆ ಕೊಳೆ, ಒಣಗಿದ ಗ್ರೀಸ್ ಅಥವಾ ತುಕ್ಕು. ಮನೆಯಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಇವೇ. ಕರಾವಳಿ, ಮಲೆನಾಡಿನಲ್ಲಂತೂ ಒಂದು ಮಳೆಗಾಲ ಮುಟ್ಟದೆ ಬಿಟ್ಟರೆ ಸಾಕು. ಸ್ಪಿಂಡಲ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್‌ನಿಂದ ಥ್ರೆಡ್ಡಿನ ತಳದವರೆಗೆ ಉಜ್ಜಿ. ನಟ್‌ನೊಳಗೆ ಕೋಲಿಗೆ ಬಟ್ಟೆ ಸುತ್ತಿ ತಿರುಗಿಸಿ. ಒರೆಸಿದ ಬಟ್ಟೆಯನ್ನು ತಕ್ಷಣ ಎಸೆಯಬೇಡಿ, ಅದರ ಕಥೆ ಮುಂದೆ ಇದೆ. ಆಮೇಲೆ ಥ್ರೆಡ್‌ಗೆ ತೆಳುವಾಗಿ ಗ್ರೀಸ್, ಸ್ಲೈಡಿಗೆ ಮೆಷಿನ್ ಆಯಿಲ್. ಮರದ ಕೆಲಸವೇ ಜಾಸ್ತಿ ಇದ್ದರೆ ಗ್ರೀಸ್ ಬೇಡ, ಅದು ಮರದ ಪುಡಿಯನ್ನು ಹೀರಿ ಉಂಡೆಗಟ್ಟುತ್ತದೆ. ತೆಳು ಎಣ್ಣೆ ಒರೆಸಿದರೆ ಸಾಕು. ಅಡುಗೆ ಎಣ್ಣೆ ಹಚ್ಚಬೇಡಿ. ಕೆಲ ದಿನದಲ್ಲಿ ಅಂಟಾಗುತ್ತದೆ, ಮತ್ತೆ ಅದನ್ನೇ ಉಜ್ಜುತ್ತಾ ಕೂರಬೇಕು.

ಖಾಲಿ ಇದ್ದಾಗ ಹಗುರ, ಬಿಗಿಯುವಾಗ ಮಾತ್ರ ಕಿರ್ ಎಂದು ಭಾರ ಅಂದರೆ, ಸ್ಪಿಂಡಲಿನ ತಲೆ ದವಡೆಗೆ ಒತ್ತುವ ಮುಖ ಒಣಗಿದೆ. ಗ್ರೀಸ್ ಹಚ್ಚುವವರು ಥ್ರೆಡ್ಡಿಗೆ ಬೇಕಾದಷ್ಟು ಬಳಿದು ಈ ಜಾಗವನ್ನು ಮರೆಯುತ್ತಾರೆ. ಬಿಗಿಯುವ ಪೂರ್ತಿ ಬಲ ಹಾದುಹೋಗುವುದು ಇದೇ ಒಂದು ಉಂಗುರದಷ್ಟು ಜಾಗದ ಮೂಲಕ. ಪಿನ್ ತೆಗೆದು, ಸ್ಪಿಂಡಲನ್ನು ಹಿಂದೆ ಸರಿಸಿ, ಅಲ್ಲಿ ಗ್ರೀಸ್ ಹಾಕಿ. ಮುಖ ಗೀರುಬಿದ್ದಿದ್ದರೆ ನಡುವೆ ಒಂದು ಗಟ್ಟಿ ಉಕ್ಕಿನ ವಾಷರ್ ಕೊಡಿ. ವ್ಯತ್ಯಾಸ ಕೈಗೆ ಕೂಡಲೇ ತಿಳಿಯುತ್ತದೆ.

ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಬಿಗಿಯಾಗಿ ಮತ್ತೆ ಸಡಿಲವಾದರೆ ಸ್ಪಿಂಡಲ್ ಬಗ್ಗಿದೆ. ಹೊರತೆಗೆದು ಗಾಜಿನ ಮೇಲೆ ಉರುಳಿಸಿ ನೋಡಿದರೆ ಬೆಳಕಿನ ಸಂದು ಹೆಚ್ಚು ಕಡಿಮೆ ಆಗುವುದು ಕಾಣುತ್ತದೆ. ತಲೆಯ ಭಾಗ ಗಾಜಿನ ಅಂಚಿನಾಚೆ ಇರಲಿ. ಸುತ್ತಿಗೆಯಿಂದ ನೇರ ಮಾಡಲು ಹೋಗಬೇಡಿ. ಲೇತ್ ಅಂಗಡಿಯಲ್ಲಿ ಎರಡು ಸೆಂಟರ್ ನಡುವೆ ಹಿಡಿದು ನೋಡಿ, ಪ್ರೆಸ್‌ನಲ್ಲಿ ನೇರ ಮಾಡಿಕೊಡುತ್ತಾರೆ. ಇಡೀ ಓಟದಲ್ಲಿ ಒಂದೇ ಜಾಗದಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಥ್ರೆಡ್ಡಿಗೆ ಏಟು ಬಿದ್ದಿದೆ. ಎದ್ದಿರುವ ಅಂಚನ್ನು ಸಣ್ಣ ತ್ರಿಕೋನ ಅರದಿಂದ ತೆಗೆದರೆ ಮುಗಿಯಿತು.

ಹ್ಯಾಂಡಲ್ ಖಾಲಿ ತಿರುಗುತ್ತದೆ, ಇಲ್ಲವೇ ಬಿಗಿಯುವಾಗ ಟಕ್ ಎಂದು ಜಿಗಿಯುತ್ತದೆ

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಾರಣಗಳು ನಾಲ್ಕು, ಖರ್ಚು ಕೆಲ ರೂಪಾಯಿಯಿಂದ ಸಾವಿರದ ಮಾತಿನವರೆಗೆ.

ದಿಕ್ಕು ಬದಲಿಸಿದಾಗ ದವಡೆ ಚಲಿಸುವ ಮುನ್ನ ಹ್ಯಾಂಡಲ್ ಎಷ್ಟು ಖಾಲಿ ತಿರುಗುತ್ತದೆ ಎಂದು ನೋಡಿ. ಮೆಕ್ಯಾನಿಕ್‌ಗಳು ಪ್ಲೇ ಅನ್ನುವುದು ಇದನ್ನೇ. ಈಗ ಹ್ಯಾಂಡಲ್ ಬಿಟ್ಟು, ಸ್ಪಿಂಡಲಿನ ತಲೆಯನ್ನು ಕೈಯಲ್ಲಿ ಹಿಡಿದು ನೇರವಾಗಿ ಹಿಂದೆ ಮುಂದೆ ಜಗ್ಗಿ.

ತಲೆ ಅಲುಗಿ ದವಡೆ ನಿಂತೇ ಇದ್ದರೆ, ಸಡಿಲ ಇರುವುದು ಪಿನ್ ಮತ್ತು ವಾಷರ್ ಜಾಗದಲ್ಲಿ. ಇನ್ನೊಂದು ವಾಷರ್ ಸೇರಿಸಿದರೆ ಹೋಗುತ್ತದೆ. ಹಿಡಿತಕ್ಕೂ ಇದಕ್ಕೂ ಸಂಬಂಧವಿಲ್ಲ, ಬೇಕಾದರೆ ಹಾಗೇ ಬಿಡಿ.

ತಲೆ ಮತ್ತು ದವಡೆ ಎರಡೂ ಸೇರಿ ಅಲುಗಿದರೆ ಸಡಿಲ ಇರುವುದು ನಟ್ ಕಡೆ. ಆಗಲೂ ನಟ್ ಸವೆದಿದೆ ಎಂದು ತೀರ್ಮಾನಿಸಬೇಡಿ. ಬಹಳ ವೈಸುಗಳಲ್ಲಿ ನಟ್ ಬೇರೆ ತುಂಡು. ಅದನ್ನು ಮೈಗೆ ಒಂದು ಬೋಲ್ಟೋ ಪಿನ್ನೋ ಹಿಡಿದಿರುತ್ತದೆ. ಆ ಬೋಲ್ಟ್ ಸಡಿಲವಾದರೆ ನಟ್ಟೇ ಹಿಂದೆ ಮುಂದೆ ಓಡಾಡುತ್ತದೆ. ಒಬ್ಬರು ಸ್ಪಿಂಡಲ್ ಜಗ್ಗುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ನಟ್ ನೋಡಲಿ. ನಟ್ ಚಲಿಸಿದರೆ ಸ್ಪ್ಯಾನರ್ ಹಿಡಿಯಿರಿ, ಖರ್ಚಿಲ್ಲ.

ನಟ್ ಅಲುಗದೆ ಸ್ಪಿಂಡಲ್ ಮಾತ್ರ ಅಲುಗಿದರೆ ಥ್ರೆಡ್ ಸವೆದಿದೆ. ಸವೆದದ್ದು ನಟ್ಟೋ ಸ್ಪಿಂಡಲ್ಲೋ? ಇದಕ್ಕೂ ಒಂದು ಉಪಾಯವಿದೆ. ದವಡೆ ಮುಚ್ಚುವ ಹತ್ತಿರ ಇದ್ದಾಗ ಒಮ್ಮೆ, ಅಗಲವಾಗಿ ತೆರೆದಾಗ ಒಮ್ಮೆ ಪ್ಲೇ ನೋಡಿ. ನಟ್ ಯಾವಾಗಲೂ ಅದೇ ನಟ್, ಅದರ ಮೇಲೆ ಹಾಯುವ ಸ್ಪಿಂಡಲಿನ ಭಾಗ ಮಾತ್ರ ಬದಲಾಗುತ್ತದೆ. ಹಾಗಾಗಿ ಎಲ್ಲ ಕಡೆ ಒಂದೇ ಸಮ ಪ್ಲೇ ಇದ್ದರೆ ನಟ್ ಸವೆದಿದೆ. ಮುಚ್ಚುವ ಹತ್ತಿರ ಜಾಸ್ತಿ, ತೆರೆದಾಗ ಕಡಿಮೆ ಇದ್ದರೆ ಸ್ಪಿಂಡಲ್ ಸವೆದಿದೆ. ನಾವು ಹಿಡಿಯುವ ಸಾಮಾನು ಹೆಚ್ಚಿನ ಸಲ ತೆಳ್ಳಗಿರುತ್ತದೆ, ಸವೆತವೂ ಅದೇ ಭಾಗಕ್ಕೆ ಬೀಳುತ್ತದೆ.

ಒರೆಸಿದ ಬಟ್ಟೆಯನ್ನು ಈಗ ಬಿಸಿಲಿಗೆ ಹಿಡಿದು ನೋಡಿ. ಹಳದಿ ಮಿನುಗು ಇದ್ದರೆ ಕಂಚಿನ ಅಥವಾ ಅದರದೇ ಬಗೆಯಾದ ಗನ್‌ಮೆಟಲ್ ನಟ್ ಸವೆಯುತ್ತಿದೆ. ಬರಿ ಬೂದು ಕಪ್ಪು ಪುಡಿಯಿಂದ ಏನೂ ಹೇಳಲಾಗದು, ಅರದ ಪುಡಿಯೂ ಅದೇ ಬಣ್ಣ.

ಎಷ್ಟು ಪ್ಲೇ ಇದ್ದರೆ ಚಿಂತೆ? ಸ್ಪಿಂಡಲಿನ ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ ಅಳೆಯಿರಿ. ಹತ್ತು ಥ್ರೆಡ್ಡಿನ ಉದ್ದ ಅಳೆದು ಹತ್ತರಿಂದ ಭಾಗಿಸಿದರೆ ಆಯಿತು. ಪಿಚ್ 5 ಮಿ.ಮೀ. ಎಂದುಕೊಳ್ಳಿ. ಚೌಕ ಥ್ರೆಡ್ಡಾದರೆ ಹಲ್ಲಿನ ದಪ್ಪ ಅದರ ಅರ್ಧ, 2.5 ಮಿ.ಮೀ. ಹ್ಯಾಂಡಲ್ ಒಂದು ಪೂರ್ತಿ ಸುತ್ತಿಗೆ ದವಡೆ 5 ಮಿ.ಮೀ. ಹೋಗುತ್ತದೆ. ವಾಷರ್ ಜಾಗದ ಸಡಿಲವನ್ನು ಕಳೆದ ಮೇಲೂ ಕಾಲು ಸುತ್ತು ಖಾಲಿ ಹೋಗುತ್ತಿದ್ದರೆ ಸುಮಾರು 1.25 ಮಿ.ಮೀ. ಲೋಹ ಹೋಗಿದೆ. ಅಷ್ಟೂ ನಟ್ಟಿನಿಂದಲೇ ಹೋಗಿದ್ದರೆ ಹಲ್ಲಿನ ಅರ್ಧ ಖಾಲಿ. ಇನ್ನು ಹೊಸ ನಟ್ಟಿನ ಯೋಚನೆ ಮಾಡಬೇಕು, ಭಾರಿ ಬಿಗಿತ ನಿಲ್ಲಿಸಬೇಕು. ಎಂಟನೇ ಒಂದು ಸುತ್ತಾದರೆ ಬಳಸುತ್ತಾ ಇರಿ.

ಬಿಗಿಯುವಾಗ ಟಕ್ ಎಂದು ಜಿಗಿದು ಹಿಡಿತ ತಪ್ಪಿದರೆ ಮಾತ್ರ ಅಂದೇ ಕೆಲಸ ನಿಲ್ಲಿಸಿ. ಹಲ್ಲುಗಳು ಕಿತ್ತುಬರುತ್ತಿವೆ. ಇನ್ನೊಮ್ಮೆ ಬಿಗಿದು ನೋಡೋಣ ಅನ್ನಿಸುತ್ತದೆ, ಬೇಡ. ಗ್ರೈಂಡರ್ ಓಡುತ್ತಿರುವಾಗ ಹಿಡಿದ ತುಂಡು ಬಿಟ್ಟುಹೋದರೆ ಕೈಗೆ, ಮುಖಕ್ಕೆ ಬರುತ್ತದೆ. ಸನ್ನೆ ಒತ್ತಿದರೆ ದವಡೆ ನೇರ ಜಾರುವ, ಬಡಗಿಗಳ ಕ್ವಿಕ್ ರಿಲೀಸ್ ವೈಸಾದರೆ ಮಾತ್ರ ಒಂದು ವಿನಾಯಿತಿ. ಅದರ ಅರ್ಧ ನಟ್ಟಿನಲ್ಲಿ ಕಸ ಸಿಕ್ಕಿಕೊಂಡು ಪೂರ್ತಿ ಕೂರದಿದ್ದರೂ ಹೀಗೆ ಜಿಗಿಯುತ್ತದೆ, ಮೊದಲು ಅದನ್ನು ತೊಳೆಯಿರಿ.

ಹೊಸ ನಟ್ ಮನೆಯಲ್ಲಿ ಮಾಡುವ ಕೆಲಸವಲ್ಲ. ಹಳೆ ನಟ್‌ನೊಳಗೆ ವೆಲ್ಡಿಂಗ್ ತುಂಬಿಸಿ ಥ್ರೆಡ್ ಮಾಡುತ್ತೇನೆ ಎನ್ನುವವರನ್ನು ನಂಬಬೇಡಿ. ಅದೇ ತಯಾರಕರ ಅದೇ ಅಳತೆಯ ನಟ್ ಸಿಗುವುದಾದರೆ ಅದೇ ಒಳ್ಳೆಯದು. ಬೆಂಗಳೂರಿನವರು ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಸಿಗದಿದ್ದರೆ ಲೇತ್ ಅಂಗಡಿ. ಇಂಥ ಬಿಡಿ ಕೆಲಸಕ್ಕೆ ದೊಡ್ಡ ಕಾರ್ಖಾನೆಗಿಂತ, ಟ್ರ್ಯಾಕ್ಟರ್ ಮತ್ತು ಪಂಪ್ ರಿಪೇರಿ ನೋಡುವ ತಾಲ್ಲೂಕು ಪಟ್ಟಣದ ಲೇತ್‌ನವರೇ ಮೇಲು. ನಟ್ ಒಂದನ್ನೇ ಒಯ್ಯಬೇಡಿ, ಸ್ಪಿಂಡಲನ್ನೂ ಕೊಡಿ. ಸವೆಯದ ತುದಿಯ ಥ್ರೆಡ್ ನೋಡಿ ಅಳತೆ ತೆಗೆದುಕೊಳ್ಳಲಿ. ನಟ್ ಗನ್‌ಮೆಟಲ್ ಅಥವಾ ಬೀಡು ಕಬ್ಬಿಣದಲ್ಲಿ ಮಾಡಲು ಹೇಳಿ. ಮೈಲ್ಡ್ ಸ್ಟೀಲ್ (ಸಾಧಾರಣ ಮೆದು ಉಕ್ಕಿನ) ಸ್ಪಿಂಡಲ್‌ಗೆ ಮೈಲ್ಡ್ ಸ್ಟೀಲ್ ನಟ್ ಹಾಕಿದರೆ ಎರಡೂ ಒಂದನ್ನೊಂದು ಕಚ್ಚಿ ಹರಿಯುತ್ತವೆ. ನಟ್ ಜೊತೆಗೆ ಸ್ಪಿಂಡಲನ್ನೂ ಹೊಸದಾಗಿ ಮಾಡಬೇಕು ಎಂದರೆ ಮೊದಲು ದರ ಕೇಳಿ. 4 ಇಂಚಿನ ಸಾಧಾರಣ ವೈಸಿಗೆ ಅಷ್ಟು ಹಣ ಹಾಕುವುದಕ್ಕಿಂತ ಹೊಸದೇ ಲೇಸು. 6 ಇಂಚಿನ, ದಪ್ಪ ಮೈಯ ಹಳೆಯದಾದರೆ ಹಾಕಬಹುದು.

ಎಷ್ಟು ಬಿಗಿದರೂ ಸಾಮಾನು ಜಾರುತ್ತದೆ

ನೀವು ಹಿಡಿಯುವ ರೀತಿ ಮೊದಲು ನೋಡಿಕೊಳ್ಳಿ. ದವಡೆಯ ಒಂದು ಮೂಲೆಯಲ್ಲಿ ಮಾತ್ರ ತುಂಡನ್ನು ಹಿಡಿದರೆ ಯಾವ ವೈಸಾದರೂ ಓರೆಯಾಗುತ್ತದೆ. ಇನ್ನೊಂದು ಮೂಲೆಗೆ ಅಷ್ಟೇ ದಪ್ಪದ ತುಂಡು ಕೊಟ್ಟು ಬಿಗಿಯಿರಿ. ಜಾರುವುದು ನಿಂತರೆ ವೈಸ್ ಚೆನ್ನಾಗಿದೆ.

ಆಮೇಲೆ ಕಾಗದದ ಪರೀಕ್ಷೆ. ಒಂದೇ ಹಾಳೆಯಿಂದ ಕತ್ತರಿಸಿದ ನಾಲ್ಕು ಪಟ್ಟಿಗಳನ್ನು ದವಡೆಯ ನಾಲ್ಕು ಮೂಲೆಗೆ ಇಟ್ಟು ಮಧ್ಯಮ ಬಿಗಿ ಕೊಟ್ಟು ಒಂದೊಂದಾಗಿ ಎಳೆಯಿರಿ. ನಾಲ್ಕೂ ಬಾರದಿದ್ದರೆ ದವಡೆ ಸರಿಯಾಗಿ ಕೂತಿದೆ. ಎಡ ಅಥವಾ ಬಲ ಬದಿಯ ಎರಡೂ ಸಲೀಸಾಗಿ ಬಂದರೆ ಪ್ಲೇಟಿನ ಹಿಂದೆ ಕಸ ಸೇರಿದೆ, ಅಥವಾ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗಿರುವ ಪ್ಲೇಟನ್ನು ಯಾರೋ ಹಾಕಿದ್ದಾರೆ. ಮೇಲಿನವು ಬಿಗಿ, ಕೆಳಗಿನವು ಸ್ವಲ್ಪ ಸಡಿಲ ಇದ್ದರೆ ಒಳ್ಳೆಯದೇ, ಬಿಗಿ ಏರಿದಂತೆ ಕೆಳಗೂ ಕೂರುತ್ತದೆ. ಕೆಳಗಿನವು ಬಿಗಿ, ಮೇಲಿನವು ಸಡಿಲ ಇದ್ದರೆ ದವಡೆ ಹಿಂದಕ್ಕೆ ವಾಲುತ್ತಿದೆ. ಅದು ಸ್ಲೈಡಿನ ಸವೆತ, ಮುಂದಿನ ಭಾಗ ನೋಡಿ.

ಪ್ಲೇಟಿನ ಸ್ಕ್ರೂ ಬಿಗಿದು ನೋಡಿ. ಬೆರಳಿನಲ್ಲಿ ಒತ್ತಿದರೆ ಕಟಕಟ ಅನ್ನುವ ಪ್ಲೇಟ್ ಏನನ್ನೂ ಹಿಡಿಯುವುದಿಲ್ಲ. ಗೀರುಗಳು ಸವೆದು ನುಣುಪಾಗಿದ್ದರೆ ಪ್ಲೇಟ್ ತಿರುಗಿಸಿ. ಸ್ಕ್ರೂ ತೂತುಗಳು ಸರಿಯಾಗಿ ನಡುವೆ ಇದ್ದರೆ ಮೇಲಿನ ಅಂಚನ್ನು ಕೆಳಗೆ ಮಾಡಿ ಹಾಕಬಹುದು. ಕೆಳ ಅಂಚು ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತದೆ.

ಸ್ಕ್ರೂ ಬರುವುದೇ ಕಷ್ಟ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಸ್ಕ್ರೂ ತಲೆಯ ಕಸ ತುಂಬಿದ ಸೀಳನ್ನು ಮೊಳೆಯ ತುದಿಯಿಂದ ಕೆರೆದು, ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರ್ ಇಟ್ಟು, ಅದರ ತಲೆಗೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟು ಆಮೇಲೆ ತಿರುಗಿಸಿ. ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇದ್ದರೆ ಇನ್ನೂ ಸಲೀಸು. ಸ್ಕ್ರೂ ತಲೆ ಹಾರಿಹೋದರೆ ಅಲ್ಲಿಗೆ ನಿಲ್ಲಿಸಿ. ಕೈ ಡ್ರಿಲ್‌ನಿಂದ ಓರೆ ತೂತು ಕೊರೆದು ದವಡೆಯ ಥ್ರೆಡ್ ಹಾಳುಮಾಡುವುದಕ್ಕಿಂತ ಲೇತ್ ಅಂಗಡಿಯಲ್ಲಿ ತೆಗೆಸುವುದು ಅಗ್ಗ.

ಪ್ಲೇಟಿಗೆ ಹೊಸ ಗೀರು ಹಾಕಲು ಮೂಲೆಯಲ್ಲಿ ಅರ ತಾಗಿಸಿ ನೋಡಿ. ಅರ ಜಾರಿದರೆ ಅದು ಹದ ಮಾಡಿದ ಉಕ್ಕು, ಕೈಯಿಂದ ಆಗುವುದಿಲ್ಲ. ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿದರೆ ಹದ ಹೋಗುತ್ತದೆ. ಹೊಸ ಪ್ಲೇಟ್ ಮಾಡಿಸುವುದಾದರೆ ಇಎನ್ 8 (ಮಧ್ಯಮ ಕಾರ್ಬನ್ ಉಕ್ಕು) ಪಟ್ಟಿ ಸಾಕು, ಎರಡೂ ಒಂದೇ ದಪ್ಪ ಇರಲಿ. ನನ್ನನ್ನು ಕೇಳಿದರೆ ಮನೆಯ ಕೆಲಸಕ್ಕೆ ಗೀರಿಲ್ಲದ ನುಣುಪು ಪ್ಲೇಟೇ ಒಳ್ಳೆಯದು. ಹಿಡಿದ ಸಾಮಾನಿನ ಮೇಲೆ ಹಲ್ಲಿನ ಗುರುತು ಬೀಳುವುದಿಲ್ಲ. ಹಿತ್ತಾಳೆ, ಪೈಪು, ಥ್ರೆಡ್ ಇರುವ ಬೋಲ್ಟ್ ಹಿಡಿಯಲು ಅಲ್ಯೂಮಿನಿಯಂ ತಗಡನ್ನು ದವಡೆಯ ಮೇಲೆ ಮಡಚಿ ಕೂರಿಸಿ.

ಚಲಿಸುವ ದವಡೆ ಮೇಲೆ ಕೆಳಗೆ ಆಡುತ್ತದೆ, ಬಿಗಿದರೆ ಹಿಂದಕ್ಕೆ ವಾಲುತ್ತದೆ

ಖಾಲಿ ಇದ್ದಾಗಿನ ಆಟವನ್ನು ಬಿಟ್ಟುಬಿಡಿ. ಅಗಲವಾದ ಪಟ್ಟಿಯೊಂದನ್ನು ಬಿಗಿದು, ಮೇಲಿನ ಅಂಚಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಮುಂದೆ ಓದಬೇಕಾಗಿಲ್ಲ.

ಕಂಡರೆ, ಸವೆತ ಎಲ್ಲಿದೆ ಎಂಬುದು ಬಲದ ದಾರಿಯಿಂದ ತಿಳಿಯುತ್ತದೆ. ಸ್ಪಿಂಡಲ್ ಕೆಳಗಿನಿಂದ ತಳ್ಳುತ್ತದೆ, ಸಾಮಾನು ಮೇಲಿನಿಂದ ವಾಪಸ್ ಒತ್ತುತ್ತದೆ. ಆಗ ಸ್ಲೈಡಿನ ಒಳತುದಿ ಮೇಲಕ್ಕೆದ್ದು ಮೈಯ ಚಾವಣಿಗೆ ತಾಗುತ್ತದೆ, ಬಾಯಿಯ ಹತ್ತಿರ ಸ್ಲೈಡಿನ ಅಡಿ ಕೆಳಕ್ಕೆ ಒತ್ತುತ್ತದೆ. ಈ ಎರಡು ಜಾಗ ಬೆಳ್ಳಗೆ ಹೊಳೆಯುತ್ತಿರುತ್ತವೆ. ಸಂದನ್ನು, ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಪಟ್ಟಿಗಳಿರುವ ಫೀಲರ್ ಗೇಜ್‌ನಿಂದ ಅಳೆಯಿರಿ. ಅಳತೆಗಿಂತ ಸುಮಾರು 0.1 ಮಿ.ಮೀ. ಕಡಿಮೆ ದಪ್ಪದ ಹಿತ್ತಾಳೆ ತಗಡನ್ನು ಸ್ಲೈಡಿನ ಒಳತುದಿಯ ಮೇಲ್ಮೈಗೆ ಅಂಟಿಸಿ. ಜಿಡ್ಡು ಪೂರ್ತಿ ತೆಗೆದು, ಉಪ್ಪುಕಾಗದದಿಂದ ಒರಟು ಮಾಡಿ, ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಬಳಸಿ ಒಂದು ದಿನ ಬಿಡಿ. ತಗಡಿನ ಅಂಚನ್ನು ಸ್ಲೈಡಿನ ತುದಿಯ ಮೇಲೆ ಮಡಚಿದರೆ ಜರುಗುವುದಿಲ್ಲ. ಕೆಲವು ವೈಸುಗಳಲ್ಲಿ ಇದಕ್ಕಾಗಿಯೇ ಅಡ್ಜಸ್ಟ್ ಸ್ಕ್ರೂ ಇರುತ್ತದೆ, ತಗಡಿಗೆ ಕೈ ಹಾಕುವ ಮುನ್ನ ಹುಡುಕಿ.

ಸ್ಲೈಡಿಗೆ ವೆಲ್ಡಿಂಗ್ ಹಾಕಿಸಬೇಡಿ. ಬಿಸಿಗೆ ಅದು ಬಾಗಿದರೆ ಮೈಯೊಳಗೆ ಹೋಗುವುದೇ ಇಲ್ಲ. ಸ್ಲೈಡಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವ ಅಭ್ಯಾಸವಿದ್ದರೆ ಬಿಡಿ. ಬಡಿಯಲೇಬೇಕಾದರೆ ಸ್ಥಿರ ದವಡೆಯ ಕಡೆಗೆ ಏಟು ಬೀಳಲಿ.

ಹ್ಯಾಂಡಲ್ ಬಗ್ಗಿದೆ

ಬಗ್ಗಿದ ಹ್ಯಾಂಡಲ್ ಅಂದರೆ ಯಾರೋ ಪೈಪ್ ಹಾಕಿದ್ದಾರೆ. ಲೆಕ್ಕ ನೋಡಿ. ಹ್ಯಾಂಡಲ್ ನಡುವಿನಿಂದ 200 ಮಿ.ಮೀ. ದೂರದಲ್ಲಿ 20 ಕೆ.ಜಿ. ಬಲ ಹಾಕಿದಿರಿ, ಪಿಚ್ 5 ಮಿ.ಮೀ. ಒಂದು ಸುತ್ತಿನಲ್ಲಿ ಕೈ ಸುಮಾರು 1,257 ಮಿ.ಮೀ. ತಿರುಗುತ್ತದೆ, ದವಡೆ 5 ಮಿ.ಮೀ. ಸರಿಯುತ್ತದೆ. ಅಂದರೆ 250 ಪಟ್ಟು. ತಿಕ್ಕಾಟದಲ್ಲಿ ಅದರ ಐದರಲ್ಲಿ ನಾಲ್ಕು ಪಾಲು ಹೋಯಿತು ಅಂದುಕೊಂಡರೂ ದವಡೆಯ ಮೇಲೆ ಒಂದು ಟನ್ ಬೀಳುತ್ತದೆ. ಪೈಪ್ ಹಾಕಿ ಉದ್ದ ಎರಡರಷ್ಟು ಮಾಡಿದರೆ ಎರಡು ಟನ್. ಹ್ಯಾಂಡಲ್ ಬಗ್ಗಿತು ಅಂದರೆ ನಟ್ ಮತ್ತು ಮೈ ಉಳಿದವು ಅಂತ ಲೆಕ್ಕ.

ಹಾಗಾಗಿ ಮೊದಲಿದ್ದಷ್ಟೇ ಉದ್ದದ, ಅಷ್ಟೇ ದಪ್ಪದ ಮೈಲ್ಡ್ ಸ್ಟೀಲ್ ಸರಳನ್ನೇ ಹಾಕಿ. ಗಟ್ಟಿ ಉಕ್ಕಿನದು ಹಾಕಿ ಜಾಣರಾಗಬೇಡಿ. ತುದಿಗಳಿಗೆ ಥ್ರೆಡ್ ಹಾಕಿಸಿ ನಟ್ ಕೂರಿಸಿದರೆ ಸಾಕು. ಹ್ಯಾಂಡಲ್ ಜಾರಿ ಬಿದ್ದಾಗ ಬೆರಳಿನ ಚರ್ಮ ಸಿಕ್ಕಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ನೋವು. ಎರಡೂ ತುದಿಗೆ ಒಂದೊಂದು ದಪ್ಪ ರಬ್ಬರ್ ರಿಂಗ್ ತೂರಿಸಿ.

ಮೈ ಮೇಲೆ ಗೆರೆ ಕಾಣುತ್ತಿದೆ, ಬಿರುಕೋ ಏನೋ

ಅಚ್ಚಿನ ಗೆರೆ, ಬಣ್ಣದ ಸೀಳು, ಬಿರುಕು ಮೂರೂ ಒಂದೇ ತರ ಕಾಣಬಹುದು. ಅನುಮಾನ ಬಂದ ಜಾಗದ ಬಣ್ಣ ಕೆರೆದು, ಸೀಮೆಎಣ್ಣೆ ಧಾರಾಳವಾಗಿ ಹಚ್ಚಿ ಹತ್ತು ನಿಮಿಷ ಬಿಡಿ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಚಾಕ್‌ಪೀಸ್ ಉಜ್ಜಿ ಬಿಳಿ ಮಾಡಿ. ಬಿರುಕಿದ್ದರೆ ಒಳಗೆ ಇಳಿದ ಸೀಮೆಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಹತ್ತಿರದಲ್ಲಿ ಬೆಂಕಿ, ಬೀಡಿ ಇರಬಾರದು. ಬಿಚ್ಚಿದ ಚಲಿಸುವ ದವಡೆಯನ್ನು ಪ್ಲೇಟ್ ತೆಗೆದು ಗಟ್ಟಿ ಹಗ್ಗದಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಯೂ ನೋಡಬಹುದು. ಗಟ್ಟಿಯಾದದ್ದು ಠಣ್ ಅನ್ನುತ್ತದೆ, ಬಿರುಕಿದ್ದರೆ ದನಿ ಬೇಗ ಸಾಯುತ್ತದೆ. ಮೇಜಿಗೆ ಬೋಲ್ಟ್ ಮಾಡಿದ ಮೈಯನ್ನು ತಟ್ಟಿದರೆ ಯಾವುದಾದರೂ ಮಂಕಾಗಿಯೇ ಕೇಳುತ್ತದೆ.

ಬಿರುಕು ತಳದ ಕಿವಿಯಲ್ಲಿ ಮಾತ್ರ ಇದ್ದರೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯುವುದು) ಮಾಡಿಸಬಹುದು. ಬೀಡು ಕಬ್ಬಿಣದ ಕೆಲಸ ಗೊತ್ತಿರುವವರ ಹತ್ತಿರವೇ ಹೋಗಿ. ಇಡೀ ಭಾಗವನ್ನು ಮೊದಲು ಕಾಯಿಸಿ, ಬೆಸೆದ ಮೇಲೆ ನಿಧಾನಕ್ಕೆ ಆರಿಸಬೇಕು. ಮಾಮೂಲಿ ರಾಡ್‌ನಲ್ಲಿ ಗೇಟು ಬೆಸೆಯುವಂತೆ ಬೆಸೆದರೆ, ಆರುವಾಗ ವೆಲ್ಡಿಂಗ್ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ.

ದವಡೆಯ ಕುತ್ತಿಗೆ, ನಟ್ ಕೂರುವ ಜಾಗ, ಸ್ಪಿಂಡಲ್ ಹಾಯುವ ಮುಂಭಾಗದ ಗೋಡೆ, ಈ ಮೂರರಲ್ಲಿ ಎಲ್ಲಿ ಬಿರುಕಿದ್ದರೂ ಆ ಭಾಗವನ್ನು ಮತ್ತೆ ಬಳಸಬೇಡಿ, ಬೆಸೆಸಿಯೂ ಬೇಡ. ಟನ್‌ಗಟ್ಟಲೆ ಬಲ ಬೀಳುವುದು ಅಲ್ಲೇ. ಸ್ಪಿಂಡಲ್, ಪ್ಲೇಟು, ಹ್ಯಾಂಡಲ್, ಸ್ವಿವೆಲ್ ಬೇಸ್ ಬಿಚ್ಚಿ ಇಟ್ಟುಕೊಳ್ಳಿ, ಅದೇ ಮಾದರಿಯ ಇನ್ನೊಂದು ವೈಸಿಗೆ ಆಗುತ್ತವೆ. ಉಳಿದ ಮೈಯ ಬಿರುಕಿನ ಮೇಲೆ ದಪ್ಪಗೆ ಕೆಂಪು ಬಣ್ಣ ಬಳಿದೇ ತೂಕಕ್ಕೆ ಹಾಕಿ. ಬಣ್ಣ ಇಲ್ಲದಿದ್ದರೆ ಯಾರಾದರೂ ಅದನ್ನು ಚೆನ್ನಾಗಿದೆ ಅಂತ ಕೊಂಡು ಮತ್ತೆ ಮೇಜಿಗೆ ಕೂರಿಸುತ್ತಾರೆ.